ಒಂದೇ ಪದ, ಎರಡು ಗಾಳಿ: ಟಾರ್ನೆಡೋ ಪದಗಳನ್ನು ಅರಬ್ಬಿಗೆ ತರುವಾಗ

ಟಾರ್ನೆಡೋ ಮತ್ತು ಹವಾಮಾನ ರಾಡಾರಿನ ಪದಪಟ್ಟಿ ಕೈಗೆ ಬಂದಾಗ ನಾನು ಮೊದಲು ತೀರ್ಮಾನಿಸುವುದು 'ಇಅಸಾರ್' ಎಂಬ ಒಂದು ಪದವನ್ನು. ಉಳಿದ ಅರ್ಧ ಪಟ್ಟಿ ಅದರ ಮೇಲೆ ನಿಂತಿದೆ. ಕನ್ನಡದಲ್ಲಿ ಚಂಡಮಾರುತ ಬೇರೆ, ಸುಂಟರಗಾಳಿ, ಅಂದರೆ ಟಾರ್ನೆಡೋ, ಬೇರೆ. ಅರಬ್ಬಿಯಲ್ಲಿ ಎರಡಕ್ಕೂ ಇಅಸಾರ್ ನಡೆಯುತ್ತದೆ. 2007ರಲ್ಲಿ ಒಮಾನಿಗೆ ಬಡಿದ ಗೋನು ಚಂಡಮಾರುತ ಕೂಡ ಇಅಸಾರೇ. ಹೀಗಾಗಿ ಟಾರ್ನೆಡೋಗೆ ಬರೀ ಇಅಸಾರ್ ಎಂದು ಬರೆದರೆ ಒಮಾನಿನ ಓದುಗರಿಗೆ ಕಡಲಿನಿಂದ ದಿನಗಟ್ಟಲೆ ಸಾಗಿ ಬರುವ ಬಿರುಮಳೆ ನೆನಪಾಗುತ್ತದೆ. ನಾನು ಟಾರ್ನೆಡೋಗೆ 'ಇಅಸಾರ್ ಕಿಮ್ಈ', ಅಂದರೆ ಆಲಿಕೆಯಾಕಾರದ್ದು, ಚಂಡಮಾರುತಕ್ಕೆ 'ಇಅಸಾರ್ ಮದಾರೀ', ಅಂದರೆ ಉಷ್ಣವಲಯದ್ದು, ಎಂದು ಎರಡನ್ನೂ ವಿಶೇಷಣದೊಂದಿಗೇ ಬರೆಯುತ್ತೇನೆ.

ಅಲ್ಲೂ ಒಂದು ತೊಡಕಿದೆ. ಅರಬ್ಬಿ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಆಲಿಕೆ 'ಕಿಮ್', ದಮನ 'ಕಮ್'; ಅಕ್ಷರಗಳು ಒಂದೇ. ರಾಜಕೀಯ ಸುದ್ದಿ ಓದಿ ರೂಢಿಯಾದ ಕಣ್ಣು 'ದಮನಕಾರಿ ಗಾಳಿ' ಎಂದು ಓದಿಬಿಡಬಹುದು. ಶೀರ್ಷಿಕೆಯಲ್ಲೂ ಮೊದಲ ಬಳಕೆಯಲ್ಲೂ ಮೊದಲ ಅಕ್ಷರದ ಕೆಳಗೆ ಕಸ್ರ, ಅಂದರೆ 'ಇ' ಸ್ವರದ ಗುರುತು, ಹಾಕಿದರೆ ಸಾಕು.

ಮೀಸೋಸೈಕ್ಲೋನ್ ಎಂಬುದನ್ನು ತುಂಡುತುಂಡಾಗಿ ಅನುವಾದಿಸಿದರೆ 'ಮಧ್ಯಮ ಗಾತ್ರದ ಇಅಸಾರ್' ಆಗುತ್ತದೆ. ಓದುಗರು ಅದನ್ನು ನೆಲ ಮುಟ್ಟಿದ ಮಧ್ಯಮ ಸುಂಟರಗಾಳಿ ಎಂದುಕೊಳ್ಳುತ್ತಾರೆ. ಅದು ಗುಡುಗುಮೋಡದೊಳಗೆ ಕೆಲವು ಕಿಲೋಮೀಟರ್ ಅಗಲಕ್ಕೆ ತಿರುಗುವ ಗಾಳಿ. ಅದಿದ್ದ ಮಾತ್ರಕ್ಕೆ ಟಾರ್ನೆಡೋ ಹುಟ್ಟಲೇಬೇಕೆಂದಿಲ್ಲ. ಸುಳಿಗೆ ಇರುವ 'ದವ್ವಾಮ' ಪದವೇ ಇಲ್ಲಿ ಸರಿ.

ರಾಡಾರಿನ ಪದಗಳಲ್ಲಿ ಕೊಕ್ಕೆಯಾಕಾರದ ಪ್ರತಿಧ್ವನಿ, ಅಂದರೆ 'ಸದಾ ಖುತ್ತಾಫೀ', ಸಲೀಸು. ರೇಡಿಯಲ್ ವೆಲಾಸಿಟಿಯೇ ಕಷ್ಟ. 'ಕುತ್ರೀ', ಅಂದರೆ ವ್ಯಾಸಕ್ಕೆ ಸಂಬಂಧಿಸಿದ್ದು, ಎಂದು ಬರೆದರೆ ಅದರ ಅಕ್ಷರಗಳೂ 'ಕತರೀ', ಅಂದರೆ ಕತಾರ್ ದೇಶದ್ದು, ಎಂಬುದರ ಅಕ್ಷರಗಳೂ ಒಂದೇ. 'ಶುಆಈ', ಅಂದರೆ ಕಿರಣದ್ದು, ಎಂದು ಬರೆದರೆ ಸಿರಿಯಾದವರು ಶಾಲೆಯ ಗಣಿತದ ವೆಕ್ಟರ್, ಅಂದರೆ ಪರಿಮಾಣವೂ ದಿಕ್ಕೂ ಇರುವ ರಾಶಿ, ನೆನೆದು ಗಾಳಿಯ ಪೂರ್ಣ ವೇಗ ಎಂದು ತಿಳಿಯುತ್ತಾರೆ. ಡಾಪ್ಲರ್ ರಾಡಾರ್ ಅಳೆಯುವುದು ತನ್ನ ಕಿರಣದ ನೇರದಲ್ಲಿ ಬರುವ ಅಥವಾ ಹೋಗುವ ವೇಗವನ್ನಷ್ಟೇ. ಉದ್ದವಾದರೂ ಪರವಾಗಿಲ್ಲ, 'ರಾಡಾರ್ ಕಿರಣದ ನೇರದ ವೇಗ' ಎಂದೇ ಅರಬ್ಬಿಯಲ್ಲಿ ಬಿಡಿಸಿ ಬರೆಯುತ್ತೇನೆ.

ಅದರ ಚಿಹ್ನೆಯ ಮೇಲೂ ಕಣ್ಣಿಡಬೇಕು. ಅಮೆರಿಕದ ರೂಢಿಯಲ್ಲಿ ಋಣ ವೇಗ ರಾಡಾರಿನತ್ತ, ಬಣ್ಣ ಹಸಿರು. ಧನ ವೇಗ ದೂರಕ್ಕೆ, ಬಣ್ಣ ಕೆಂಪು. ಬಲದಿಂದ ಎಡಕ್ಕೆ ಸಾಗುವ ಸಾಲಿನಲ್ಲಿ ಅಂಕಿಯ ಮುಂದಿನ ಮೈನಸ್ ಜಿಗಿದು ಬಲಬದಿಗೆ ಕೂರುತ್ತದೆ. ಬರಹ ಎಡದಿಂದ ಬಲಕ್ಕೆ ಎಂದು ಕಂಪ್ಯೂಟರಿಗೆ ಹೇಳುವ ಅದೃಶ್ಯ ಗುರುತನ್ನು ಚಿಹ್ನೆಗೆ ಮೊದಲು ಸೇರಿಸಿದರೆ ಸರಿಹೋಗುತ್ತದೆ. ಇನ್ನೊಂದು ಕಡತಕ್ಕೆ ನಕಲಿಸುವಾಗ ಆ ಗುರುತು ಬಿದ್ದುಹೋಗುವುದುಂಟು, ಹಾಗಾಗಿ 'ರಾಡಾರಿನತ್ತ', 'ರಾಡಾರಿನಿಂದ ದೂರಕ್ಕೆ' ಎಂದು ಪದಗಳಲ್ಲೂ ಬರೆಯುವುದು ಮೇಲು.

ಅಂಕಿ ಬದಲಿಸುವಾಗ ಅತಿ ನಿಖರತೆ ಬೇಡ. ಟಾರ್ನೆಡೋ ತೀವ್ರತೆಯ ಅತಿ ಮೇಲಿನ ದರ್ಜೆಯಾದ ಇಎಫ್5 ಎಂದರೆ ಗಂಟೆಗೆ 200 ಮೈಲಿಗಿಂತ ಹೆಚ್ಚು. 322 ಕಿಲೋಮೀಟರ್ ಎಂದರೆ ಸಾಕು, 321.87 ಬರೆಯಬಾರದು. ಆ ವೇಗವೇ ಬಿದ್ದ ಕಟ್ಟಡಗಳ ಹಾನಿ ನೋಡಿ ಮಾಡಿದ ಅಂದಾಜು.

ಅಮೆರಿಕದ ಹವಾಮಾನ ಸೂಚನೆಗಳಾದ ವಾಚ್, ವಾರ್ನಿಂಗ್ ಜೋಡಿಯಲ್ಲಿ ತಪ್ಪಿದರೆ ಜೀವಕ್ಕೇ ಕುತ್ತು. ವಾಚ್ ಎಂದರೆ ವಾತಾವರಣ ಅನುಕೂಲವಾಗಿದೆ, ಸಿದ್ಧರಾಗಿ. ವಾರ್ನಿಂಗ್ ಎಂದರೆ ಟಾರ್ನೆಡೋ ಕಣ್ಣಿಗೆ ಅಥವಾ ರಾಡಾರಿಗೆ ಬಿದ್ದಿದೆ, ಈಗಲೇ ಒಳಗೆ ಹೋಗಿ. ವಾಚ್‌ಗೆ 'ಮುರಾಕಬ', ಅಂದರೆ ನಿಗಾ, ಎಂದು ಬರೆದರೆ ಯಾರೋ ಅಧಿಕಾರಿಗಳು ಗಮನಿಸುತ್ತಿದ್ದಾರೆ, ನಮಗೇನೂ ಕೆಲಸವಿಲ್ಲ ಎಂಬ ಭಾವ ಬರುತ್ತದೆ. ನಾನು ವಾಚ್‌ಗೆ 'ತಅಹ್ಹುಬ್', ಅಂದರೆ ಸನ್ನದ್ಧತೆ, ವಾರ್ನಿಂಗ್‌ಗೆ 'ಇನ್ದಾರ್', ಅಂದರೆ ಎಚ್ಚರಿಕೆ, ಇಟ್ಟು, ಪ್ರತಿಯೊಂದರ ಪಕ್ಕ ಮಾಡಬೇಕಾದ ಕೆಲಸವನ್ನು ಒಂದು ವಾಕ್ಯದಲ್ಲಿ ಸೇರಿಸುತ್ತೇನೆ.

ಆ ವಾಕ್ಯದಲ್ಲೂ ಎಚ್ಚರ ಬೇಕು. ಅಮೆರಿಕದವರ 'ಫಸ್ಟ್ ಫ್ಲೋರ್' ನೆಲಮಹಡಿ. ಅದನ್ನೇ 'ಅತ್ತಾಬಿಕ್ ಅಲ್ಅವ್ವಲ್', ಅಂದರೆ ಮೊದಲ ಮಹಡಿ, ಎಂದು ಪದಕ್ಕೆ ಪದ ಇಟ್ಟರೆ, ಅರಬ್ಬಿ ಮಾತಾಡುವವರು ಬಹಳಷ್ಟಿರುವ ಮಿಷಿಗನ್ನಿನ ಡಿಯರ್‌ಬಾರ್ನ್‌ನಲ್ಲಿ ಹೊಸದಾಗಿ ಬಂದ ಕುಟುಂಬವೊಂದು ನೆಲಮಹಡಿ ಬಿಟ್ಟು ಮೆಟ್ಟಿಲು ಹತ್ತೀತು. 'ಅತ್ತಾಬಿಕ್ ಅಲ್ಅರ್ದೀ', ಅಂದರೆ ನೆಲಮಹಡಿ, ಅದರಲ್ಲಿ ಕಿಟಕಿಯಿಲ್ಲದ ಒಳಕೋಣೆ ಎಂದೇ ಬರೆಯಬೇಕು.