ಶರ ಷಟ್ಪದಿಯಲ್ಲಿ ಪಂಕ್: ಗಾದಿ ಅಂಗಡಿಯಲ್ಲಿ ಮಾಡಿದ ಐದು ಹಾಡು

ನಮ್ಮ ಹುಬ್ಬಳ್ಳಿ ಪಂಕ್ ಬ್ಯಾಂಡಿನ ಐದು ಹಾಡು ಕೊನೆಗೂ ಹೊರಗೆ ಬಂದವು. ಪಂಕ್ ಅಂದರೆ ವೇಗದ, ಗದ್ದಲದ ರಾಕ್; ಮೆಲೋಡಿಕ್ ಪಂಕ್ ಅಂದರೆ ಅದರಲ್ಲೂ ಧಾಟಿ ಎದ್ದು ಕೇಳಬೇಕು. ಐದೂ ಸೇರಿ ಒಂಬತ್ತೂವರೆ ನಿಮಿಷ. "ಕನ್ನಡದಾಗ ಮೆಲೋಡಿಕ್ ಪಂಕ್ ಆಗೂದಿಲ್ಲ, ಬಿಡ್ರಲೇ" ಅಂದವರೇ ಈಗ "ಅದು ಹೆಂಗ್ ಕೂಡಿಸಿದ್ರಿ?" ಅಂತ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪವರ್ ಕಾರ್ಡ್, ಪಾಮ್ ಮ್ಯೂಟ್, ಡೌನ್‌ಸ್ಟ್ರೋಕ್ ಅನ್ನೋ ಗಿಟಾರ್ ಪಟ್ಟುಗಳೆಲ್ಲ ಬಾರಿಸುವವರಿಗೆ ಗೊತ್ತೇ ಇದೆ. ಆ ಕಥೆ ಬೇಡ.

ಮೊದಲು ದುಡ್ಡು ಹೋದ ಕಥೆ. ಮೂರು ವರ್ಷದ ಹಿಂದೆ ನಾಲ್ಕೂ ಜನ ಬೆಂಗಳೂರಿಗೆ ಹೋಗಿ ಒಂದು ಸ್ಟುಡಿಯೋದಲ್ಲಿ ಎರಡು ದಿನ ಕೂತೆವು. ಬಾಡಿಗೆ ಸುಮಾರು 22 ಸಾವಿರ. ಮಿಕ್ಸಿಂಗ್‌ಗೆ ಮತ್ತೆ 8 ಅಥವಾ 9 ಸಾವಿರ. ಬಸ್ಸು, ಊಟ, ಲಾಡ್ಜ್ ಬೇರೆ. ಅಲ್ಲಿದ್ದವರು ಗಿಟಾರಿಗೆ ಗೇನ್ (ಸದ್ದನ್ನು ಒರಟು ಮಾಡುವ ನಾಬ್) ಏರಿಸಿ ಏರಿಸಿ ಪೂರ್ತಿ ಮೆಟಲ್ (ಇನ್ನೂ ಭಾರದ ರಾಕ್) ಮಾಡಿಬಿಟ್ಟರು. ಆದರೆ ದೊಡ್ಡ ತಪ್ಪು ಅವರದಲ್ಲ, ನಮ್ಮದು. ಇಂಗ್ಲಿಷ್ ಹಾಡಿನ ಧಾಟಿ ಇಟ್ಟುಕೊಂಡು ಅದರೊಳಗೆ ಕನ್ನಡ ತುರುಕಿದ್ದೆವು. ಕೇಳಿದ ನಮ್ಮ ಕಾಕಾ ಒಂದೇ ಪ್ರಶ್ನೆ ಕೇಳಿದರು: "ಇದು ಯಾವ ಭಾಷಾಪಾ?"

ಹಾಡಿ ನೋಡಿದವರಿಗೆ ತೊಂದರೆ ಏನಂತ ಗೊತ್ತು. ನಮ್ಮ ಪದ ಉದ್ದ. ಅದರ ಮೇಲೆ ಹೆಚ್ಚುಕಡಿಮೆ ಎಲ್ಲವೂ ಸ್ವರದಲ್ಲೇ ಮುಗಿಯುತ್ತವೆ, ಅದರಲ್ಲೂ 'ಉ' ಜಾಸ್ತಿ. ನಿಮಿಷಕ್ಕೆ 190 ಬೀಟಿನ ವೇಗದಲ್ಲಿ 'ಉ' ಅಂತ ಕಿರುಚೋಕಾಗುತ್ತಾ? ಬಾಯಿ ಮುಚ್ಚಿಕೊಳ್ಳುತ್ತೆ. ಮೈಕಿನಲ್ಲಿ ಬರೀ ಗುಂಯ್ ಅನ್ನೋ ಸದ್ದು. ಸಾಲಿನ ಕೊನೆಗೆ ಪ್ರಾಸ ಹಾಕಲು ಹೋದರೆ 'ಮಾಡಿದೆವು', 'ನೋಡಿದೆವು' ಅಂತ ಶಾಲೆಯ ಪ್ರಾರ್ಥನೆ ಆಗುತ್ತಿತ್ತು. "ಸುಮ್ನೆ ಶರೀಫಜ್ಜನ ಹಾಡಿಗೆ ಡಿಸ್ಟಾರ್ಷನ್ ಹಾಕ್ರಿ, ಫ್ಯೂಷನ್ ಓಡ್ತದ" ಅಂತ ಬುದ್ಧಿ ಹೇಳಿದವರು ಕಡಿಮೆ ಅಂದರೂ ಹತ್ತು ಜನ. ಶಿಶುನಾಳ ನಮಗೆ ಹತ್ತಿರವೇ. ಅಜ್ಜನ ಮೇಲೆ ಗೌರವ ಇರೋದಕ್ಕೇ ಆ ಕೆಲಸ ಮಾಡಲಿಲ್ಲ.

ದಾರಿ ಸಿಕ್ಕಿದ್ದು ಡ್ರಮ್ಮರ್‌ನ ತಂಗಿಯ ಹೈಸ್ಕೂಲ್ ವ್ಯಾಕರಣದ ಪುಸ್ತಕದಲ್ಲಿ. ಅವಳು ಪರೀಕ್ಷೆಗೆ ಷಟ್ಪದಿ, ಅಂದರೆ ಆರು ಸಾಲಿನ ಪದ್ಯದ ಬಗೆಗಳನ್ನು, ಬಾಯಿಪಾಠ ಮಾಡುತ್ತಿದ್ದಳು: ಶರ, ಕುಸುಮ, ಭೋಗ, ಭಾಮಿನಿ... ಇವನು ಸುಮ್ನೆ ಪಕ್ಕದಲ್ಲಿ ಕೂತು ಮೇಜಿನ ಮೇಲೆ ಬೆರಳಲ್ಲಿ ಬಡಿಯುತ್ತಿದ್ದನಂತೆ. ರಾತ್ರಿ ಹನ್ನೊಂದಕ್ಕೆ ಫೋನ್. "ದೋಸ್ತ, ಶರ ಷಟ್ಪದಿ ಅಂದ್ರ ನಮ್ಮ ಬೀಟೇ ಐತಲೇ!"

ಲೆಕ್ಕ ನೋಡಿ. ಗಿಡ್ಡ ಅಕ್ಷರ ಲಘು, ಒಂದು ಮಾತ್ರೆ; ಎಳೆದು ಹೇಳುವುದು ಅಥವಾ ಒತ್ತಕ್ಷರದ ಹಿಂದಿನದು ಗುರು, ಎರಡು ಮಾತ್ರೆ; ಮಾತ್ರೆಗಳ ಗುಂಪೇ ಗಣ. ಶರದ ಮೊದಲ ಎರಡು ಸಾಲಿಗೆ ನಾಲ್ಕು ಮಾತ್ರೆಯ ಎರಡೆರಡು ಗಣ. ಅಂದರೆ ಸಾಲಿಗೆ ಎಂಟು ಮಾತ್ರೆ. ಒಂದು ಮಾತ್ರೆಗೆ ಒಂದು ಎಯ್ತ್ ನೋಟ್ (ಅರ್ಧ ಬೀಟ್) ಇಟ್ಟರೆ ಒಂದು ಸಾಲಿಗೆ ಸರಿಯಾಗಿ ಒಂದು ಬಾರ್ (ನಾಲ್ಕು ಬೀಟಿನ ಸುತ್ತು). ಮೂರನೇ ಸಾಲಿಗೆ ಮೂರು ಗಣ, ಮೇಲೊಂದು ಗುರು: ಹದಿನಾಲ್ಕು. ಉಸಿರಿಗೆ ಎರಡು ಬಿಟ್ಟರೆ ಹದಿನಾರು, ಎರಡು ಬಾರ್. ಹೀಗೆ ಅರ್ಧ ಪದ್ಯಕ್ಕೆ ನಾಲ್ಕು ಬಾರ್, ಪೂರ್ತಿ ಪದ್ಯಕ್ಕೆ ಎಂಟು. 190ರಲ್ಲಿ ಹತ್ತು ಸೆಕೆಂಡು. ಇನ್ನೇನು ಬೇಕು?

ಕಟ್ಟಿದ ಊರಲಿ
ಕೆಟ್ಟಿದೆ ದೀಪವು
ಸಿಟ್ಟಲಿ ಬಂದೆವು ಬೀದಿಗೆ ನಾವ್

ಇದು ನಮ್ಮ ಎರಡನೇ ಹಾಡಿನ ಶುರು. ಪ್ರತಿ ಗಣದ ಮೊದಲ ಮಾತ್ರೆಗೆ ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್), ಮೂರನೆಯದಕ್ಕೆ ಸ್ನೇರ್ (ಚಟ್ ಅನ್ನೋ ಚಿಕ್ಕ ಡ್ರಮ್). ಗುರು ಕಿಕ್ ಮೇಲೇ ಬಂದು ಕೂರುತ್ತೆ. ಗಣದ ಶುರುವಿಗೆ ಲಘು-ಗುರು ಬರಬಾರದು ಅಂತ ಮೇಷ್ಟ್ರು ಬೈದು ಹೇಳುತ್ತಿದ್ದರು, ನೆನಪಿದೆಯಾ? ಯಾಕಂತ ನನಗೆ ಮೂವತ್ತೊಂದನೇ ವಯಸ್ಸಿಗೆ ಗೊತ್ತಾಯಿತು. ಹಾಗೆ ಬರೆದರೆ ಸ್ನೇರ್ ಬೀಳುವಾಗ ಬಾಯಲ್ಲಿ ಇನ್ನೂ ಹಿಂದಿನ ಅಕ್ಷರವೇ ಇರುತ್ತೆ.

ಪ್ರಾಸವೂ ಅಲ್ಲೇ ಬಗೆಹರಿಯಿತು. ಷಟ್ಪದಿಯಲ್ಲಿ ಸಾಲುಗಳ ಎರಡನೇ ಅಕ್ಷರ ಕೂಡಿದರೆ ಸಾಕು, ಸಾಲಿನ ಕೊನೆಯ ಗೋಜೇ ಇಲ್ಲ. ಕಟ್ಟಿ, ಕೆಟ್ಟಿ, ಸಿಟ್ಟ ಅಂತ ಸಾಲು ಶುರುವಾಗುತ್ತಲೇ ಏಟು ಬೀಳುತ್ತೆ. ಕೊನೆಯ ಗುರುವಿಗೆ ಮಾತ್ರ ಒಂದು ಕಟ್ಟುನಿಟ್ಟು ಮಾಡಿಕೊಂಡೆವು: ಅಲ್ಲಿ 'ಆ' ಅಥವಾ 'ಏ' ಇರಲೇಬೇಕು. ಬಾಯಿ ತೆರೆದಿದ್ದರೆ ತಾನೇ ಜನ ಜೊತೆಗೆ ಹಾಡೋದು. ಉಸಿರಿಗೆ ಬಿಟ್ಟ ಆ ಎರಡು ಮಾತ್ರೆಯಲ್ಲಿ ಹಿಂದೆ ಏನೋ ಒಂದು ಕೇಳಿಸುತ್ತಲ್ಲ, ಅದು ನಮ್ಮ ಮನೆಯ ಮಸಾಲೆ ಪುಡಿ. ಅದನ್ನು ಹೇಳಲ್ಲ.

ಉತ್ಸಾಹ ಜಾಸ್ತಿಯಾಗಿ ಭಾಮಿನಿಗೂ ಕೈ ಹಾಕಿದೆವು. ಗದುಗಿನ ನಾರಣಪ್ಪ (ಕುಮಾರವ್ಯಾಸ) ಭಾಮಿನಿಯಲ್ಲೇ ಭಾರತ ಬರೆದ ಗದಗ ನಮ್ಮಿಂದ ಒಂದೂವರೆ ತಾಸಿನ ದಾರಿ, ಬಿಟ್ಟರೆ ಹೇಗೆ? ಅದರ ಗಣ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಅಂದರೆ 7/8, ಏಳು ಎಣಿಕೆಯ ತಾಳ. ಎರಡು ತಿಂಗಳು ಬಡಿದಾಡಿದೆವು. 170ರಲ್ಲೂ ಕುಂಟುವ ಎತ್ತಿನ ಹಾಗೆ ಕೇಳುತ್ತಿತ್ತು. ಕುಣಿಯೋಣ ಅಂತ ಕಾಲು ಎತ್ತಿದವನು ಎಲ್ಲಿ ಇಡಬೇಕು ಗೊತ್ತಾಗದೆ ನಿಲ್ಲುತ್ತಿದ್ದ. ಕೈಬಿಟ್ಟೆವು. ಹೋಳಿ ಹಬ್ಬದ ಜಗ್ಗಲಿಗೆ ತಂದು ಡ್ರಮ್ ಸೆಟ್ಟಿನ ಫ್ಲೋರ್ ಟಾಮ್ ಬದಲು ಬಡಿದದ್ದು ಇನ್ನೊಂದು ಹುಚ್ಚು. ಗಾಡಿ ಚಕ್ರದಷ್ಟು ದೊಡ್ಡ ವಾದ್ಯ ಅದು, ಬೇಸ್ ಗಿಟಾರನ್ನು ಪೂರ್ತಿ ನುಂಗಿಬಿಟ್ಟಿತು. ಐದನೇ ಹಾಡಿನ ಮೊದಲ ನಾಲ್ಕು ಬಾರಲ್ಲಿ ಮಾತ್ರ ಉಳಿಸಿಕೊಂಡಿದ್ದೇವೆ.

ಮುಖ್ಯ ಗಾಯಕನ ಹಿಂದೆ ಹಾಡುವ ದನಿಗಳು ಅಮೆರಿಕದ ಪಂಕ್ ಬ್ಯಾಂಡ್ ಬ್ಯಾಡ್ ರಿಲಿಜನ್ ಥರ ಬೇಕಿತ್ತು. ಮುಖ್ಯ ಧಾಟಿಯ ಮೇಲೆ ಒಂದು ಥರ್ಡ್ ('ಸ' ಜೊತೆ 'ಗ' ಹಾಡಿದ ಹಾಗೆ), ಉದ್ದಕ್ಕೆ 'ಆ'. ನಮ್ಮಲ್ಲಿ ಯಾರಿಗೂ ಆ ಸ್ವರ ಹಿಡಿದು ನಿಲ್ಲೋಕೆ ಬರುತ್ತಿರಲಿಲ್ಲ. ಬೇಸ್ ಹುಡುಗನ ಅವ್ವ ಭಜನಾ ಮಂಡಳಿಯಲ್ಲಿ ಪೇಟಿ (ಹಾರ್ಮೋನಿಯಂ) ಬಾರಿಸುತ್ತಾರೆ. ಅವರ ಪೇಟಿಯ ಮುಂದೆ ಕೂತು ಮೂರು ವಾರ ಕಲಿತೆವು. "ಇಬ್ಬರು ಬ್ಯಾರೆ ಬ್ಯಾರೆ ಸ್ವರ ಹಾಡಿದ್ರ ಅಪಸ್ವರ ಆಗೂದಿಲ್ಲೇನೋ?" ಅಂತ ಅವರ ತಕರಾರು. ಭಜನೆಯಲ್ಲಿ ಎಲ್ಲರೂ ಒಂದೇ ಸ್ವರದಲ್ಲಿ ಎತ್ತಿಕೊಳ್ಳುತ್ತಾರೆ ನೋಡಿ. ಆದರೂ ಕೀ ಒತ್ತಿ ಹಿಡಿದು ಕೂರುತ್ತಿದ್ದರು, ನಾವು ತಪ್ಪಿದರೆ ಬೈಯುತ್ತಿದ್ದರು.

ರೆಕಾರ್ಡಿಂಗ್ ಮಾಡಿದ್ದು ನಮ್ಮ ಎರಡನೇ ಗಿಟಾರಿನವನ ಗಾದಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಮೊಟ್ಟೆ ಟ್ರೇ ಅಂಟಿಸಿ ಸದ್ದು ತಡೆಯುತ್ತೇವೆ ಅನ್ನೋರು ದಯವಿಟ್ಟು ಆ ಟ್ರೇಯಲ್ಲಿ ಮೊಟ್ಟೆಯನ್ನೇ ಇಡಿ. ನಾಲ್ಕೂ ಗೋಡೆಗೆ ಹತ್ತಿ ಗಾದಿ ಒಟ್ಟಿದರೆ ಚಪ್ಪಾಳೆ ತಟ್ಟಿದ್ದೂ ಅಲ್ಲೇ ಸಾಯುತ್ತೆ. ಮೈಕು, ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಸೆಕೆಂಡ್ ಹ್ಯಾಂಡ್ ಸ್ಕಾರ್ಲೆಟ್ 2ಐ2 ಡಬ್ಬಿಗೆ 7 ಸಾವಿರ ಕೊಟ್ಟೆ. ಇನ್‌ಪುಟ್ ಎರಡೇ. ಡ್ರಮ್ಸಿಗೆ ಎರಡೇ ಮೈಕು: ಒಂದು ಕಿಕ್‌ಗೆ, ಇನ್ನೊಂದು ಬಾರಿಸುವವನ ಬಲ ಭುಜದ ಮೇಲೆ. ಎರಡೂ ಎರವಲು ತಂದದ್ದು. ಮಿಕ್ಸ್ ರೀಪರ್ ಅನ್ನೋ ಸಾಫ್ಟ್‌ವೇರಿನಲ್ಲಿ ನಾನೇ ಮಾಡಿದೆ. ಗಿಟಾರಿಗೆ ನಿಮಗೆ ಬೇಕು ಅನ್ನಿಸಿದ್ದರ ಅರ್ಧ ಗೇನ್ ಸಾಕು, ಎಡಕ್ಕೊಂದು ಬಲಕ್ಕೊಂದು ಎರಡು ಸಲ ಬಾರಿಸಿ. ಇದನ್ನು ಕಲಿಯೋಕೆ ನನಗೆ 30 ಸಾವಿರ ಬೇಕಾಯಿತು. ಗಾದಿಯ ಒಂದೇ ಕಾಟ ಅಂದರೆ ಹತ್ತಿ ಧೂಳು. ಆಂಪ್ಲಿಫೈಯರ್‌ನ ವಾಲ್ಯೂಮ್ ನಾಬ್ ತಿಂಗಳಿಗೊಮ್ಮೆ ಕರ್ ಕರ್ ಅನ್ನುತ್ತೆ. ಕಾಂಟ್ಯಾಕ್ಟ್ ಕ್ಲೀನರ್ ಡಬ್ಬಿ ಪಕ್ಕದಲ್ಲೇ ಇರಬೇಕು.

ಈ ಸಲದ ಒಟ್ಟು ಖರ್ಚು 14 ಸಾವಿರದ ಆಸುಪಾಸು, ಚಹಾ-ಮಿರ್ಚಿ ಬಿಟ್ಟು. ಅಮೆರಿಕದ ಪಂಕ್ ಬ್ಯಾಂಡ್ ರಮೋನ್ಸ್ 1976ರಲ್ಲಿ ತಮ್ಮ ಮೊದಲ ರೆಕಾರ್ಡಿನ 14 ಹಾಡನ್ನು ಸುಮಾರು 6,400 ಡಾಲರಿಗೆ ಮುಗಿಸಿದ್ದರು. ನಾವು ಅವರಿಗಿಂತ ಅಗ್ಗ ಅಂತ ಹೇಳಿಕೊಂಡು ತಿರುಗುತ್ತಿದ್ದೇನೆ. ಮಾರೋಕೆ ಬ್ಯಾಂಡಿನ ಅಂಗಿ ಅರವತ್ತು ಹಾಕಿಸಿದ್ದೆವು, ನಲವತ್ತು ಹೋದವು. ಒಂದು ಕಾಲೇಜು ಕಾರ್ಯಕ್ರಮಕ್ಕೆ 3 ಸಾವಿರ ಕೊಟ್ಟರು. ಮೂರನೇ ಸಾಲಿನ ಕೊನೆಯ ಗುರುವನ್ನು ಹುಡುಗರೇ ಎತ್ತಿಕೊಂಡರು, ನಾನು ಮೈಕು ಅವರ ಕಡೆ ತಿರುಗಿಸಿದೆ ಅಷ್ಟೇ.

ಆರನೇ ಹಾಡು ಅರ್ಧಕ್ಕೆ ನಿಂತಿದೆ. ಮದುವೆ ಸೀಸನ್ ಬಂದು ಗಾದಿ ಎಲ್ಲ ಮಾರಾಟವಾದವು. ಕೋಣೆ ಖಾಲಿ. ಸ್ನೇರ್ ಹೊಡೆದರೆ ಬಾವಿಯೊಳಗೆ ಕೊಡ ಬಿದ್ದ ಹಾಗೆ ಕೇಳುತ್ತೆ. ಹೊಸ ಸ್ಟಾಕ್ ಬರೋಕೆ ಇನ್ನೂ ಎರಡು ವಾರ ಬೇಕಂತೆ.