ಮಳೆಗಾಲದಲ್ಲಿ ನಮ್ಮ ಶಾಲೆಯ ಪುಸ್ತಕದ ಬೀರು ಖಾಲಿ

ಜುಲೈ ತಿಂಗಳಲ್ಲಿ ನಮ್ಮ ಶಾಲೆಗೆ ಬಂದು ಲೈಬ್ರರಿ ಬೀರು ತೆಗೆದರೆ ಒಂದು ಪುಸ್ತಕವೂ ಸಿಗುವುದಿಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ 640 ಚಿಲ್ಲರೆ ಪುಸ್ತಕ ಇವೆ, ಬೀರು ಮಾತ್ರ ಬಿಕೋ ಅನ್ನುತ್ತದೆ. ಪುಸ್ತಕಗಳೆಲ್ಲ ಆಗ ಮಕ್ಕಳ ಮನೆಯಲ್ಲಿ, ಒಲೆ ಹತ್ತಿರ ಇರುತ್ತವೆ. ಇದನ್ನು ಮೊದಲ ಸಲ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಮೀಟಿಂಗಿನಲ್ಲಿ ಹೇಳಿದಾಗ ಒಬ್ಬರು ಮೇಷ್ಟ್ರು, "ಮೇಡಂ, ಪುಸ್ತಕ ಓದೋಕೆ ಕೊಟ್ರಾ, ಒಲೆ ಹಚ್ಚೋಕೆ ಕೊಟ್ರಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದಾಗಿ ಮೂರು ವರ್ಷ. ಮೊನ್ನೆ ಅದೇ ಮೇಷ್ಟ್ರು ಫೋನ್ ಮಾಡಿ, "ಅದೇನೋ ಒಲೆ ಲೆಕ್ಕ ಹೇಳ್ತಿದ್ರಲ್ಲ ಮೇಡಂ, ಸ್ವಲ್ಪ ಬಿಡಿಸಿ ಹೇಳಿ" ಅಂದರು. ಫೋನಿನಲ್ಲಿ ಹೇಳಿ ಮುಗಿಯುವ ಕಥೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆ. ಮಕ್ಕಳು ಅರವತ್ತು ಚಿಲ್ಲರೆ, ಶಿಕ್ಷಕರು ಮೂವರು. ಸುತ್ತ ಕಾಫಿ ತೋಟ, ಸಿಲ್ವರ್ ಓಕ್, ಮೆಣಸಿನ ಬಳ್ಳಿ. ಜೂನ್ ಮಧ್ಯದಲ್ಲಿ ಹಿಡಿದ ಮಳೆ ಆಗಸ್ಟ್ ಕೊನೆತನಕ ಬಿಡುವುದಿಲ್ಲ. ಆ ಕಡೆ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ, ಬೆಲ್ಟಿಗೂ ಬೂಷ್ಟು ಬರುತ್ತದೆ, ಚಪ್ಪಲಿಗೂ ಬೂಷ್ಟು ಬರುತ್ತದೆ.

ನಾನು ವರ್ಗವಾಗಿ ಬಂದ ವರ್ಷ ಲೈಬ್ರರಿ ಚಾರ್ಜ್ ನನ್ನ ತಲೆಗೆ ಬಂತು. ಬೀರುವಿಗೆ ಬೀಗ, ಬೀಗದ ಕೈ ಹೆಡ್‌ಮಾಸ್ಟರ ಡ್ರಾಯರಿನಲ್ಲಿ. "ನೋಡಿ ಮೇಡಂ, ಒಂದು ಪುಸ್ತಕ ಹೋದರೂ ಚಾರ್ಜ್ ಕೊಡುವಾಗ ನಾವೇ ಕಟ್ಟಬೇಕು" ಅಂತ ಅವರು ಮೊದಲ ದಿನವೇ ಹೆದರಿಸಿದ್ದರು. ಹೊಸಬಳು, ಸುಮ್ನೆ ತಲೆಯಾಡಿಸಿದೆ. ಜೂನ್‌ನಲ್ಲಿ ಎಣಿಸಿ ಬೀಗ ಹಾಕಿದೆ. ಆಗಸ್ಟ್ 12ಕ್ಕೆ ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ ಅವರ ಹುಟ್ಟಿದ ದಿನ, ಗ್ರಂಥಪಾಲಕರ ದಿನ ಅಂತ ಪ್ರಾರ್ಥನೆಯಲ್ಲಿ ಎರಡು ಮಾತಾಡಿ ಮಕ್ಕಳಿಗೆ ಪುಸ್ತಕ ತೋರಿಸೋಣ ಅಂತ ಬೀರು ತೆಗೆದೆ. ವಾಸನೆ ಮುಖಕ್ಕೆ ಹೊಡೆಯಿತು. ಕೆಳಗಿನ ಎರಡು ಅರೆ ಪೂರ್ತಿ ಬೂಷ್ಟು, ಹಿಂದಿನ ಮೂಲೆಯಲ್ಲಿ ಗೆದ್ದಲಿನ ಮಣ್ಣಿನ ಗೆರೆ. ನುಣುಪು ಕಾಗದದ ಚಿತ್ರಪುಸ್ತಕಗಳು ಇಟ್ಟಿಗೆ ತರ ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಆನೆಯ ಸೊಂಡಿಲು ಈ ಪುಟದಲ್ಲಿ, ಆನೆ ಆ ಪುಟದಲ್ಲಿ. ಎಣಿಸಿದೆ. 130ರ ಆಸುಪಾಸು ಹಾಳು. ಒಂದನ್ನೂ ಮಗು ಮುಟ್ಟಿರಲಿಲ್ಲ.

ಇದಾದ ಮೇಲೆ ಒಂದು ವರ್ಷ ನಾನು ಮಾಡಿದ್ದೆಲ್ಲ ದಂಡ. ಆದರೂ ಹೇಳುತ್ತೇನೆ, ನೀವು ಅದೇ ದುಡ್ಡು ಸುರಿಯಬೇಡಿ.

ನಮ್ಮ ಕಡೆ ಬಟ್ಟೆ ಬೀರುವಿನಲ್ಲಿ ಬಲ್ಬ್ ಉರಿಸುತ್ತಾರಲ್ವಾ, ಅದನ್ನೇ ಮಾಡಿದೆ. ಮೊದಲು ಜಾಣತನ ಮಾಡಿ ಎಲ್‌ಇಡಿ ತಂದೆ, ಕರೆಂಟ್ ಉಳಿಯಲಿ ಅಂತ. ಅದರಲ್ಲಿ ಬಿಸಿಯೇ ಇಲ್ಲ! ಹದಿನೈದು ದಿನ ಬೂಷ್ಟಿಗೆ ಒಳ್ಳೆ ಬೆಳಕು ಕೊಟ್ಟಂತಾಯಿತು. ಆಮೇಲೆ ಹಳೇ 60 ವ್ಯಾಟಿನ ಬಲ್ಬ್ ಹುಡುಕಿ ತಂದೆ. ಕೆಲಸ ಮಾಡಿತು, ಕರೆಂಟ್ ಇದ್ದಷ್ಟು ದಿನ. ಜುಲೈನಲ್ಲಿ ತಂತಿ ಮೇಲೆ ಮರ ಬಿದ್ದರೆ ನಮ್ಮಲ್ಲಿ ನಾಲ್ಕು ದಿನ ಕತ್ತಲೆ. ಮತ್ತೆ ಅದೇ ಕಥೆ.

ಕಬ್ಬಿಣದ ಬೀರು ಬೆವರುತ್ತದೆ, ಮರದ್ದು ಮಾಡಿಸಿ ಅಂದರು. ಒಬ್ಬರು ಪ್ಲಾಂಟರು ಸಿಲ್ವರ್ ಓಕ್ ಹಲಗೆ ಸುಮ್ನೆ ಕೊಟ್ಟರು. ಆಚಾರಿಗೆ ಎರಡೂವರೆ ಸಾವಿರ ಕೊಟ್ಟೆ. ಹಸಿ ಮರ ಅಂತ ಆಚಾರಿಗೂ ಗೊತ್ತಿತ್ತು, ನನಗೆ ಹೇಳಲಿಲ್ಲ. ಎರಡು ತಿಂಗಳಲ್ಲಿ ಹಲಗೆ ಬಾಳೆ ಎಲೆ ತರ ಬಾಗಿತು. ಈಗ ಅದು ಬಿಸಿಯೂಟದ ತಟ್ಟೆ ಜೋಡಿಸುವ ಅರೆ.

ಅದಕ್ಕಿಂತ ದೊಡ್ಡ ದಡ್ಡತನ ಬೇರೆ ಇದೆ. ಪುಸ್ತಕದ ಹಿಂಬದಿಗೆ ಕಾರ್ಡ್ ಇಡುವ ಜೇಬು ಅಂಟಿಸಬೇಕು ಅಂತ ಒಂದು ಶನಿವಾರ ಪೂರ್ತಿ ಮಕ್ಕಳನ್ನು ಕೂರಿಸಿ ಮೈದಾ ಅಂಟಿನಲ್ಲಿ 200 ಜೇಬು ಅಂಟಿಸಿದೆ. ಜಿರಲೆಗೂ ಬೆಳ್ಳಿ ಹುಳಕ್ಕೂ ಹಬ್ಬ. ಹಾಸನದಲ್ಲಿ ಒಬ್ಬ ಹಳೇ ಬೈಂಡರ್ ನಕ್ಕು, "ಮೈದಾಕ್ಕೆ ಮೈಲುತುತ್ತ ಹಾಕದೆ ಯಾರಾದರೂ ಅಂಟು ಮಾಡ್ತಾರಾ?" ಅಂದ. ಕಾಫಿ ಸೀಮೆಯಲ್ಲಿ ಮೈಲುತುತ್ತಕ್ಕೇನು ಬರ, ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮನೆಗಳಲ್ಲೆಲ್ಲ ಇರುತ್ತದೆ. ಆದರೆ ಅದು ವಿಷ. ಒಂದನೇ ಕ್ಲಾಸಿನ ಮಕ್ಕಳು ಪುಸ್ತಕದ ಮೂಲೆ ಬಾಯಿಗಿಡುತ್ತಾರೆ. ಬೇಡ ಅಂತ ಬಿಟ್ಟೆ. ಕಾರ್ಡೂ ಬಿಟ್ಟೆ, ಜೇಬೂ ಬಿಟ್ಟೆ.

ದಾರಿ ತೋರಿಸಿದ್ದು ಒಂದು ಕಳ್ಳತನ. ಕಳ್ಳತನ ಅನ್ನಬಾರದು, ಆದರೆ ಅವತ್ತು ನಾನು ಅದನ್ನೇ ಅಂದಿದ್ದೆ. ಸೆಪ್ಟೆಂಬರಿನಲ್ಲಿ ಲೆಕ್ಕ ಹಾಕುವಾಗ ನಾಲ್ಕು ಪುಸ್ತಕ ಕಡಿಮೆ. ಆರನೇ ಕ್ಲಾಸಿನ ಒಬ್ಬಳು ಹುಡುಗಿ ಜೂನ್‌ನಲ್ಲಿ, ನಾನು ಬೀಗ ಹಾಕುವ ಮೊದಲು, ಮನೆಗೆ ಒಯ್ದಿದ್ದಳು. ಬೈದೆ. ಮರುದಿನ ತಂದಳು. ಕೈಗೆ ತಗೊಂಡರೆ ಪುಟ ಗರಿಗರಿ. ಹಪ್ಪಳದ ಹಾಗೆ ಸದ್ದು. ಒಂದು ಚುಕ್ಕಿ ಬೂಷ್ಟಿಲ್ಲ, ಹೊಗೆ ವಾಸನೆ ಮಾತ್ರ. ಎಲ್ಲಿಟ್ಟಿದ್ದೆ ಅಂತ ಕೇಳಿದೆ. "ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಮಿಸ್. ಹಪ್ಪಳದ ಡಬ್ಬಿ ಪಕ್ಕ."

ಮಲೆನಾಡಿನವರು ಕೊಬ್ಬರಿ, ಸಂಡಿಗೆ, ಬಿತ್ತನೆ ಬೀಜ ಎಲ್ಲ ಇಡುವ ಜಾಗ ಅದು. ನನಗೆ ಹೊಳೆದಿರಲಿಲ್ಲ, ಅವಳಿಗೆ ಹೊಳೆದಿತ್ತು.

ಮುಂದಿನ ವರ್ಷ ಜೂನ್ ಎರಡನೇ ವಾರದೊಳಗೆ ಪುಸ್ತಕ ಎಲ್ಲ ಹಂಚಿಬಿಟ್ಟೆ. ಮಗುವಿಗೆ ಏಳೆಂಟು. ಒಂದು ಮನೆಯಿಂದ ಇಬ್ಬರಿದ್ದರೆ ಹದಿನೈದು. ನಿಯಮ ಎರಡೇ: ಒಲೆ ಇರುವ ಕೋಣೆಯಲ್ಲಿ ಇಡಬೇಕು, ನೆಲದ ಮೇಲೂ ಗೋಡೆಗೆ ತಾಗಿಸಿಯೂ ಇಡಬಾರದು. ಬದಲಾಯಿಸಿಕೊಳ್ಳುವುದು ಪಕ್ಕದ ಮನೆಯವರ ಜೊತೆ, ಮಳೆ ಬಿಟ್ಟ ಹೊತ್ತಿನಲ್ಲಿ. ಶಾಲೆಗೆ ತರುವ ಹಾಗೇ ಇಲ್ಲ. ಮಳೆಗೆ ರಜೆ ಕೊಟ್ಟ ದಿನ ಮನೆಯಲ್ಲಿ ಪುಸ್ತಕ ಇದ್ದೇ ಇರುತ್ತದೆ, ಅದು ಬೋನಸ್.

ಹೊತ್ತುಕೊಂಡು ಹೋಗುವಾಗ ನೆನೆಯಬಾರದಲ್ಲ, ಅಲ್ಲಿ ಎಡವಿದೆ. ತೋಟದವರು ಕಾಫಿ ನರ್ಸರಿಯ ಪ್ಲಾಸ್ಟಿಕ್ ಚೀಲ ಒಂದು ಕಟ್ಟು ಪುಕ್ಕಟೆ ಕೊಟ್ಟರು. ಖುಷಿಯಿಂದ ಪುಸ್ತಕ ತುಂಬಿ ಕಳಿಸಿದೆ. ಗಿಡಕ್ಕೆ ಹಾಕಿದ ನೀರು ಬಸಿಯಲಿ ಅಂತ ಆ ಚೀಲಕ್ಕೆ ತೂತು ಮಾಡಿರುತ್ತಾರೆ! ಆ ಸಂಜೆ ಹದಿನಾಲ್ಕೋ ಹದಿನೈದೋ ಪುಸ್ತಕ ನೆನೆದವು. ಆಮೇಲೆ ಹಾಸನದ ಸಗಟು ಅಂಗಡಿಯಲ್ಲಿ ಜಿಪ್ ಇರುವ ದಪ್ಪ ಕವರ್ ತಂದೆ, ಒಂದಕ್ಕೆ ಆರೋ ಏಳೋ ರೂಪಾಯಿ. ಎಪ್ಪತ್ತು ಕವರ್. ಮೂರನೇ ವರ್ಷವೂ ಅರ್ಧ ಇನ್ನೂ ಚೆನ್ನಾಗಿವೆ.

ಆಗಸ್ಟ್ 12ಕ್ಕೆ ಈಗ ನಮ್ಮಲ್ಲಿ ಭಾಷಣ ಇಲ್ಲ. ಮಳೆ ಒಪ್ಪಿದರೆ ಅವತ್ತು ಪುಸ್ತಕಗಳಿಗೆ ಮೊದಲ ಹಾಜರಿ. ಆ ಹಾಜರಿಯಲ್ಲಿ ಸಿಕ್ಕ ಲೆಕ್ಕ ಕೇಳಿ. ಮೊದಲ ವರ್ಷ ಕಳೆದದ್ದು 19, ಎರಡನೇ ವರ್ಷ 11, ಹೋದ ವರ್ಷ ಏಳೋ ಎಂಟೋ. ಬೂಷ್ಟು ಬಂದದ್ದು ಮೊದಲ ವರ್ಷ ಇಪ್ಪತ್ತರ ಹತ್ತಿರ, ಅದೂ ಬರೀ ಗ್ಯಾಸಿನಲ್ಲಿ ಅಡುಗೆ ಮಾಡುವ ಆರ್‌ಸಿಸಿ ಮನೆಗಳಲ್ಲಿ. ನಾನು ಪರೀಕ್ಷೆ ಮಾಡಲು ಪೇಟೆಯ ನನ್ನ ಬಾಡಿಗೆ ಮನೆಗೆ ಹನ್ನೆರಡು ಪುಸ್ತಕ ಒಯ್ದಿದ್ದೆ. ಹತ್ತಕ್ಕೆ ಬೂಷ್ಟು! ಮಕ್ಕಳ ಮುಂದೆ ಮಾನ ಹೋಯಿತು. ಈಗ ಹಂಚುವ ಮೊದಲು ಕೇಳುತ್ತೇನೆ, "ನಿಮ್ಮನೇಲಿ ಸ್ನಾನಕ್ಕೆ ಹಂಡೆ ಒಲೆನಾ, ಗೀಸರಾ?" ಹಂಡೆಯವರಿಗೆ ಹತ್ತು ಪುಸ್ತಕ, ಗೀಸರಿನವರಿಗೆ ಮೂರು. ಅನುಕೂಲಸ್ಥರ ಮಕ್ಕಳಿಗೆ ಇದರಿಂದ ಸ್ವಲ್ಪ ಬೇಜಾರಿದೆ. ಇರಲಿ.

ಹೊಗೆ ವಾಸನೆ ತೆಗೆಯಲು ಒಂದು ಡಬ್ಬಿಯಲ್ಲಿ ಕಾಫಿಪುಡಿಯ ಗಂಟಿನ ಜೊತೆ ಪುಸ್ತಕ ಮುಚ್ಚಿಟ್ಟು ನೋಡಿದೆ. ಈಗ ಹೊಗೆ ಜೊತೆ ಕಾಫಿ ವಾಸನೆ. ಬಜೆ ಬೇರು ಅರೆಯಲ್ಲಿ ಇಟ್ಟರೆ ಹುಳ ಕಡಿಮೆ, ಇದು ನಿಮಗೂ ಗೊತ್ತಿರುತ್ತದೆ. ಬಜೆ ಜೊತೆ ನಾನು ಇನ್ನೊಂದು ಸೇರಿಸುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಶಾಲೆಗೆ ಬನ್ನಿ, ತೋರಿಸುತ್ತೇನೆ.

ಹೆಡ್‌ಮಾಸ್ಟರನ್ನು ಒಪ್ಪಿಸಿದ್ದೇ ದೊಡ್ಡ ಕೆಲಸ. ಅವರ ಭಯ ಸುಳ್ಳಲ್ಲ, ನಾಳೆ ಸ್ಟಾಕ್ ನೋಡಲು ಬಂದವರಿಗೆ ಒಲೆ ಕಥೆ ಹೇಳಲು ಆಗುತ್ತದಾ? ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ, ಸಭೆಯಲ್ಲಿ ವಿಷಯ ಇಟ್ಟು, ನಡಾವಳಿ ಬರೆಸಿ, ಎಲ್ಲರ ಸಹಿ ಹಾಕಿಸಿದೆ. ಮನೆಗೆ ಹೋದ ಪುಸ್ತಕದಲ್ಲಿ ವರ್ಷಕ್ಕೆ ಇಷ್ಟು ಕಳೆದರೆ ಯಾರೂ ಕಟ್ಟಬೇಕಿಲ್ಲ ಅಂತ. ಹಾಳಾದ 130ರ ಪಟ್ಟಿಯನ್ನೂ ಅದೇ ಸಭೆಯ ಮುಂದಿಟ್ಟೆ. ಬೀಗ ತಿಂದದ್ದು 130, ಮಕ್ಕಳು ಕಳೆದದ್ದು ನಾಲ್ಕು, ಆ ನಾಲ್ಕೂ ವಾಪಸ್ ಬಂದಿವೆ ಅಂದೆ. ಅಧ್ಯಕ್ಷರು ತೋಟದಲ್ಲಿ ಮೇಸ್ತ್ರಿ, ಲೆಕ್ಕ ಬೇಗ ಅರ್ಥ ಆಯಿತು. ನಡಾವಳಿಯಲ್ಲಿ ಎರಡು ಸಾಲು ಮುಖ್ಯ, ಅವು ಹೇಗೆ ಬರೆದಿದ್ದು ಅಂತ ಬೇಕಾದವರು ಕೇಳಿದರೆ ಹೇಳುತ್ತೇನೆ.

ಸೆಪ್ಟೆಂಬರ್ ನಮ್ಮ ಹೊಲಿಗೆ ತಿಂಗಳು. ಚಿತ್ರಪುಸ್ತಕಗಳಿಗೆ ನಡುವೆ ಹೊಡೆದ ಪಿನ್ನು ಮಳೆಗಾಲ ಮುಗಿಯುವಷ್ಟರಲ್ಲಿ ತುಕ್ಕು ಹಿಡಿದು ಕಾಗದವನ್ನೇ ತಿನ್ನುತ್ತದೆ. ಪಿನ್ನು ಕಿತ್ತು ಹೊಲಿದರೆ ಪುಸ್ತಕ ಇನ್ನೂ ನಾಲ್ಕು ವರ್ಷ ಬರುತ್ತದೆ. ಏಳನೇ ಕ್ಲಾಸಿನವರು ಕಾಫಿ ಮೂಟೆ ಹೊಲಿಯುವ ದಬ್ಬಳದಲ್ಲಿ ತೂತು ಮಾಡಿದರು, ಪುಟವೇ ಹರಿಯಿತು. ಸಣ್ಣ ಸೂಜಿ ಸಾಕು. ಮಡಿಕೆಯ ಮೇಲೆ ಮೂರು ತೂತು. ನೂಲಿಗೆ ಮೇಣದ ಬತ್ತಿ ಉಜ್ಜಬೇಕು. ನಡುವಿನ ತೂತಿನಿಂದ ಒಳಗೆ ಬಂದು, ಮೇಲಿನ ತೂತಿನಿಂದ ಹೊರಗೆ ಹೋಗಿ, ಹೊರಗಿನಿಂದ ಉದ್ದಕ್ಕೆ ಕೆಳಗಿಳಿದು, ಕೆಳಗಿನ ತೂತಿನಿಂದ ಒಳಗೆ ಬಂದು, ಮತ್ತೆ ನಡುವಿನ ತೂತಿನಿಂದ ಹೊರಗೆ ಬಂದು ಗಂಟು. ಒಂದು ಪುಸ್ತಕಕ್ಕೆ ಐದು ನಿಮಿಷ. ಐದನೇ ಕ್ಲಾಸಿನ ಒಬ್ಬ ಹುಡುಗ ಓದುವುದರಲ್ಲಿ ಹಿಂದೆ, ಹೊಲಿಯುವುದರಲ್ಲಿ ಎಲ್ಲರಿಗಿಂತ ಮುಂದೆ. ಹೊಲಿದ ಪುಸ್ತಕವನ್ನು ತಾನೇ ಮೊದಲು ಮನೆಗೆ ಒಯ್ಯುತ್ತೇನೆ ಅಂತ ಜಗಳ ಆಡುತ್ತಿದ್ದ. ಕೊಟ್ಟೆ.

ಹೊಲಿಯುವಾಗಲೇ ಇನ್ನೊಂದು ಗಮನಕ್ಕೆ ಬಂತು. ಪುಟದ ಕೆಳಮೂಲೆಯಲ್ಲಿ ಹೆಬ್ಬೆರಳಿನ ಕಪ್ಪು. ಕೆಲವು ಪುಸ್ತಕದಲ್ಲಿ ಅದು ಕೊನೆಪುಟದ ತನಕ ಇರುತ್ತದೆ. ಕೆಲವದರಲ್ಲಿ ಎಂಟು, ಒಂಬತ್ತನೇ ಪುಟಕ್ಕೆ ನಿಂತುಹೋಗಿ ಮುಂದೆ ಪುಟ ಬೆಳ್ಳಗೆ. ಓದಿದ್ದೀರಾ ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ಹೆಬ್ಬೆರಳು ಸುಳ್ಳು ಹೇಳುವುದಿಲ್ಲ. ಅಂಥ ಪುಸ್ತಕಗಳನ್ನು ಬೇರೆ ಇಟ್ಟು, ಕಪ್ಪು ನಿಂತ ಪುಟದ ತನಕ ನಾನೇ ಗಟ್ಟಿಯಾಗಿ ಓದಿ ಮುಚ್ಚಿಬಿಡುತ್ತೇನೆ. ಮುಂದೇನಾಯಿತು ಅಂತ ಬೇಕಾದವರು ತಗೊಂಡು ಹೋಗುತ್ತಾರೆ. ಹತ್ತರಲ್ಲಿ ಆರು ಪುಸ್ತಕಕ್ಕೆ ಈ ಮದ್ದು ಹಿಡಿಯಿತು. ಉಳಿದ ನಾಲ್ಕು ಪುಸ್ತಕ ನಿಜಕ್ಕೂ ಬೋರು.

ಅಕ್ಟೋಬರಿನಲ್ಲಿ ದಸರಾ ರಜೆಗೆ ಮತ್ತೆ ಹಂಚಿಕೆ. ನವೆಂಬರಿಗೆ ರಾಜ್ಯೋತ್ಸವ, ಪ್ರತಿಭಾ ಕಾರಂಜಿ ಅಂತ ಓಡಾಟ, ಕಥೆ ಹೇಳುವ ಸ್ಪರ್ಧೆಗೆ ತಯಾರಿ ಬಿಟ್ಟರೆ ಹೆಚ್ಚೇನಿಲ್ಲ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಓದಿಸುವ ಯೋಜನೆ ಮಾಡಿದ್ದೆ, ಮೂರು ವಾರಕ್ಕೆ ನಿಂತಿತು. ಸಂಜೆಯಾದರೆ ತೋಟದ ದಾರಿಯಲ್ಲಿ ಆನೆ. ಮಕ್ಕಳು ಹೊತ್ತು ಮುಳುಗುವ ಮೊದಲೇ ಮನೆ ಸೇರಬೇಕು. ಊಟದ ನಂತರದ ಇಪ್ಪತ್ತು ನಿಮಿಷಕ್ಕೆ ಬದಲಾಯಿಸಿದೆ.

ಡಿಸೆಂಬರಿನಿಂದ ಕಾಫಿ ಕುಯ್ಲು. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ, ಫೆಬ್ರವರಿ ತನಕ ಎಳೆಯುತ್ತದೆ. ಹಾಜರಿ ಬೀಳುತ್ತದೆ. ತೋಟದ ಕೆಲಸಗಾರರ ಸಾಲು ಮನೆಗಳಿಗೆ, ಅಂದರೆ ಲೈನ್ ಮನೆಗಳಿಗೆ, ಉತ್ತರ ಕರ್ನಾಟಕದಿಂದ, ಅಸ್ಸಾಮಿನಿಂದ ಕೆಲಸಕ್ಕೆ ಬಂದ ಕುಟುಂಬಗಳು ಇರುತ್ತವೆ. ಅವರ ಮಕ್ಕಳಿಗೆ ಅಂತ ಹಳೇ ತಗಡಿನ ಪೆಟ್ಟಿಗೆಯಲ್ಲಿ ಮೂವತ್ತು ಪುಸ್ತಕ ಇಟ್ಟು ಲೈನಿನಲ್ಲೇ ಬಿಟ್ಟೆ. ಮೊದಲ ವರ್ಷ ದಂಡ, ಕನ್ನಡ ಅಕ್ಷರ ಬಾರದ ಮಕ್ಕಳಿಗೆ ಅಕ್ಷರ ತುಂಬಿದ ಪುಸ್ತಕ ಕೊಟ್ಟಿದ್ದೆ. ಪೆಟ್ಟಿಗೆ ಮೇಲೆ ಯಾರೋ ಅಕ್ಕಿ ಮೂಟೆ ಇಟ್ಟಿದ್ದರು. ಎರಡನೇ ವರ್ಷ ಬರೀ ಚಿತ್ರದ ಪುಸ್ತಕ ಹಾಕಿದೆ. ಅಸ್ಸಾಮಿನ ಒಂದು ಮಗು ತನ್ನ ಭಾಷೆಯಲ್ಲಿ ಕಥೆ ಹೇಳಿತು, ನಮ್ಮ ಮೂರನೇ ಕ್ಲಾಸಿನವನು ಅದೇ ಪುಟಕ್ಕೆ ಕನ್ನಡದಲ್ಲಿ ಬೇರೆಯದೇ ಕಥೆ ಹೇಳಿದ. ಒಂದರಲ್ಲಿ ನರಿ ಕಳ್ಳ, ಇನ್ನೊಂದರಲ್ಲಿ ನರಿ ಅಳಿಯ.

ಮಾರ್ಚ್ ಪರೀಕ್ಷೆಗೆ ಹೋಗುತ್ತದೆ. ಏಪ್ರಿಲ್‌ಗೆ ಎಣಿಕೆ. ಬಿಸಿಲಿಗೆ ಹಾಕಬೇಡಿ, ಬೆನ್ನಿನ ಗಮ್ಮು ಬಿರಿದು ಹಾಳೆ ಉದುರುತ್ತದೆ, ಬಣ್ಣವೂ ಹೋಗುತ್ತದೆ. ಜಗಲಿಯ ನೆರಳಲ್ಲಿ ನೈಲಾನ್ ಹಗ್ಗ ಕಟ್ಟಿ ಎರಡು ದಿನ ಗಾಳಿಗೆ ಬಿಟ್ಟರೆ ಸಾಕು.

ದುಡ್ಡಿನ ಲೆಕ್ಕ ಕೇಳುತ್ತೀರಿ ಅಂತ ಗೊತ್ತು. ನಾಲ್ಕು ವರ್ಷಕ್ಕೆ ಒಂಬತ್ತರಿಂದ ಹತ್ತು ಸಾವಿರ ಆಗಿರಬಹುದು. ಅದರಲ್ಲಿ ನಾಲ್ಕು ಸಾವಿರದ ಹತ್ತಿರ ಬಲ್ಬು, ಹಲಗೆ, ಅಂಟು ಅಂತ ನೀರಿಗೆ ಹಾಕಿದ್ದು. ಕವರ್, ನೂಲು, ಹಗ್ಗ ಸೇರಿ ಸಾವಿರದ ಒಳಗೆ. ಉಳಿದದ್ದು ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯಲ್ಲಿ ಆರಿಸಿ ತಂದ ಹಳೇ ಪುಸ್ತಕಕ್ಕೆ. ಆರು ಸಾವಿರದ ತನಕ ನನ್ನ ಕೈಯಿಂದ, ಮಿಕ್ಕಿದ್ದು ತೋಟದವರು ಮತ್ತು ಎಸ್‌ಡಿಎಂಸಿ. ನಮ್ಮನೆಯವರಿಗೆ ಈ ಲೆಕ್ಕ ಪೂರ್ತಿ ಹೇಳಿಲ್ಲ.

ಈ ವರ್ಷವೂ ಜೂನ್ ಹತ್ತರ ಹೊತ್ತಿಗೆ ಬೀರು ಖಾಲಿಯಾಯಿತು. ಖಾಲಿ ಜಾಗ ಯಾಕೆ ಬಿಡಬೇಕು ಅಂತ ಹೆಡ್‌ಮಾಸ್ಟರು ಕೇರಂ ಬೋರ್ಡು, ಸ್ಕಿಪ್ಪಿಂಗ್ ಹಗ್ಗ ಎಲ್ಲ ಒಳಗಿಟ್ಟು ಬೀಗ ಹಾಕಿದರು. ಮೊನ್ನೆ ತೆಗೆದು ನೋಡಿದರೆ ಕೇರಂ ಬೋರ್ಡಿಗೆ ಹಸಿರು ಬೂಷ್ಟು. ಅದನ್ನೂ ನಮ್ಮನೆ ಅಟ್ಟಕ್ಕೆ ಕೊಡಿ ಸಾರ್ ಅಂತ ಏಳನೇ ಕ್ಲಾಸಿನ ಹುಡುಗರು ಅವರ ಹಿಂದೆ ಬಿದ್ದಿದ್ದಾರೆ.