ಕುಂಟು ನೆಪವೂ ಒಂದು ಕರಪತ್ರವೂ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಸಂಘದ ವಾರ್ತಾಪತ್ರವನ್ನು ಹನ್ನೆರಡು ವರ್ಷಗಳಿಂದ ತಿದ್ದುತ್ತ ಬಂದಿರುವ ನಾನು, ಅಂಗವೈಕಲ್ಯದ ಗುರುತಿನ ಚೀಟಿ ಪಡೆಯುವ ಬಗೆಯನ್ನು ತಿಳಿಸುವ ಎರಡು ಪುಟದ ಕರಪತ್ರವನ್ನು ಬರೆದುಕೊಡಲು ಒಪ್ಪಿದಾಗ, ಅದು ಒಂದು ಸಂಜೆಯ ಕೆಲಸವೆಂದೇ ಭಾವಿಸಿದ್ದೆ. ಮೊದಲ ಸಾಲಿನಲ್ಲೇ ಲೇಖನಿ ನಿಂತಿತು.

ಮರಾಠಿ ಅರ್ಜಿಯಲ್ಲಿ ‘ದಿವ್ಯಾಂಗ’ ಎಂದಿತ್ತು. 2015ರ ಡಿಸೆಂಬರಿನಲ್ಲಿ ಪ್ರಧಾನಿ ಮೋದಿಯವರು ಸೂಚಿಸಿದ ಈ ಪದ ಕಚೇರಿಗಳಲ್ಲಿ ರೂಢಿಯಾಗಿದೆಯಾದರೂ, ಮೆಟ್ಟಿಲು ಹತ್ತಲಾಗದೆ ಕೆಳಗೇ ಕಾಯುವವರಿಗೆ ದೈವತ್ವ ಹಚ್ಚುವುದು ನನಗೆ ಸರಿ ಕಾಣಲಿಲ್ಲ. ಕರ್ನಾಟಕ ಸರ್ಕಾರದ ‘ವಿಕಲಚೇತನ’ ಇನ್ನಷ್ಟು ತೊಡಕಿನದು. ಊನವಿದ್ದರೆ ಅದು ಅಂಗದಲ್ಲಿ, ಚೇತನದಲ್ಲಿ ಅಲ್ಲವಲ್ಲ. ಅಂಗವೈಕಲ್ಯವುಳ್ಳವರ ಹಕ್ಕುಗಳ 2016ರ ಕೇಂದ್ರ ಕಾಯ್ದೆಯ ಧಾಟಿಯನ್ನು ಹಿಡಿದು ‘ಅಂಗವೈಕಲ್ಯವುಳ್ಳ ವ್ಯಕ್ತಿ’ ಎಂದು ಬರೆದೆ. ಆ ಕಾಯ್ದೆ ಪಟ್ಟಿ ಮಾಡುವ 21 ಬಗೆಗಳಲ್ಲಿ ಥಲಸ್ಸೀಮಿಯಾ, ಹಿಮೋಫಿಲಿಯಾದಂಥ ರಕ್ತದ ಕಾಯಿಲೆಗಳೂ ಸೇರಿರುವುದರಿಂದ ‘ಅಂಗ’ ಎಂಬುದು ಎಲ್ಲರಿಗೂ ಹೊಂದುವುದಿಲ್ಲ ಎಂಬ ಅಳುಕು ಈಗಲೂ ಇದೆ.

‘ಕಿವುಡ-ಮೂಗ’ ಎಂಬ ಜೋಡಿಪದವನ್ನು ಮಾತ್ರ ಹಿಂದೆಮುಂದೆ ನೋಡದೆ ತೆಗೆದುಹಾಕಿದೆ. ಎರಡೂ ಕಿವಿಗಳಲ್ಲಿ 70 ಡೆಸಿಬಲ್ ಶ್ರವಣನಷ್ಟವಿದ್ದರೆ ಕಿವುಡು, 60ರಿಂದ 70ರವರೆಗೆ ಇದ್ದರೆ ಮಂದಶ್ರವಣ ಎಂದು ಕಾಯ್ದೆ ಅಳತೆ ಕೊಡುತ್ತದೆ. ಮಾತಿನ ತೊಂದರೆಯನ್ನು ಬೇರೆಯಾಗಿಯೇ ಹೇಳುತ್ತದೆ. ಕೇಳಿಸದವರೆಲ್ಲ ಮೂಗರು ಎಂದು ಜೋಡಿಸಿದ್ದು ನಮ್ಮ ಬಾಯಿಯೇ. ‘ಪೋಲಿಯೊ ಪೀಡಿತ’ ಎಂಬುದು ‘ಪೋಲಿಯೊ ಬಂದಿದ್ದವರು’ ಎಂದಾಯಿತು.

ಕರಡನ್ನು ಊರುಗೋಲು ಬಳಸುವ ನಮ್ಮ ಸಂಘದ ಅಕ್ಕ ಒಬ್ಬರಿಗೆ ಓದಲು ಕೊಟ್ಟೆ. ಅವರು ಕರಪತ್ರವನ್ನು ಪಕ್ಕಕ್ಕಿಟ್ಟು, ಹಿಂದಿನ ತಿಂಗಳ ವಾರ್ತಾಪತ್ರದಲ್ಲಿ ನಾನೇ ಬರೆದಿದ್ದ ಸಂಪಾದಕೀಯವನ್ನು ತೆರೆದು, ‘ಸಭೆಗೆ ಬಾರದಿರಲು ಕುಂಟು ನೆಪಗಳನ್ನು ಹೇಳುತ್ತಾರೆ’ ಎಂಬ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: “ನೆಪ ಹೇಳಿದ್ದು ನಡೆಯಬಲ್ಲವರು, ಕುಂಟಿದ್ದು ನಾನು. ನನ್ನನ್ನು ಯಾಕಪ್ಪಾ ಮಧ್ಯೆ ಎಳೆದೆ?” ಉತ್ತರಿಸಲಾಗಲಿಲ್ಲ. ಅಂದಿನಿಂದ ‘ಪೊಳ್ಳು ನೆಪ’ ಎಂದೇ ಬರೆಯುತ್ತೇನೆ. ‘ಕುರುಡು ನಂಬಿಕೆ’ಗೆ ಅಷ್ಟೇ ಗಟ್ಟಿಯಾದ ಇನ್ನೊಂದು ಪದ ಕೈಗೆ ಸಿಕ್ಕಿಲ್ಲ.

ಆದರೆ ‘ದಿವ್ಯಾಂಗ’ವನ್ನು ಪೂರ್ತಿ ಬಿಡಲು ಅವರೇ ಒಪ್ಪಲಿಲ್ಲ. ಆಸ್ಪತ್ರೆಯ ಫಲಕದಲ್ಲಿ ಇರುವುದು ಅದೇ ಪದ, ಅದನ್ನು ಗುರುತಿಸಲಾಗದೆ ನಮ್ಮವರು ಬೇರೆ ಕಿಟಕಿಯ ಮುಂದೆ ಅರ್ಧ ದಿನ ನಿಂತಾರು ಎಂದರು. ಹಾಗಾಗಿ ಎರಡನೆಯ ಪುಟದಲ್ಲಿ, ಯಾವ ಕಿಟಕಿಗೆ ಹೋಗಬೇಕೆಂದು ಹೇಳುವ ಕಡೆ, ಆ ಪದವನ್ನು ಒಮ್ಮೆ, ದಪ್ಪ ಅಕ್ಷರದಲ್ಲಿ, ಉಳಿಸಿಕೊಂಡೆ.